ಎರರ್ ನೂರ ಮೂವತ್ತೇಳು

ಮೂರನೆಯ ದಿನವೂ ಸರಿಯಾಗಿ ನಾಲ್ಕು ಗಂಟೆಗೇ ಅದು ಸತ್ತಿತು.

ಎರಡು ಸಾವಿರದ ಮೂರರ ಶ್ರಾವಣ. ಹಾಸನದ ಎಂಜಿನಿಯರಿಂಗ್ ಕಾಲೇಜೊಂದರ ಲ್ಯಾಬಿನಲ್ಲಿ ತಾತ್ಕಾಲಿಕ ಲೆಕ್ಚರರ್ ಪ್ರಿಯಂವದಾ ಪರದೆ ನೋಡುತ್ತ ಕೂತಿದ್ದಳು. ಹತ್ತಾರು ಫೈಲು ಕೂಡಿಸಿ ಪ್ರೋಗ್ರಾಂ ಬಿಲ್ಡ್ ಮಾಡುವಾಗ ಏನಾದರೂ ಕೆಟ್ಟರೆ ಕಂಪ್ಯೂಟರ್ ಒಂದು ನಂಬರ್ ಉಗುಳಿ ಸುಮ್ಮನಾಗುತ್ತಿತ್ತು. ವಿದ್ಯಾರ್ಥಿಗಳು ತಲೆ ಕೆರೆದುಕೊಳ್ಳುತ್ತಿದ್ದರು. ಆ ನಂಬರುಗಳಿಗೆ ಕನ್ನಡದಲ್ಲಿ ಅರ್ಥ ಹೇಳುವ ಟೂಲ್ ಒಂದನ್ನು ಅವಳು ಬರೆದಿದ್ದಳು. ಈಗ ಅವಳದೇ ಬಿಲ್ಡ್ ನಡುವೆ ಸತ್ತಾಗ ಅದು ಅವಳಿಗೇ ಹೇಳುತ್ತಿತ್ತು: ‘ಎರರ್ 137. ಯಾರೋ ಹೊರಗಿನಿಂದ ಕೊಂದರು.’

ಅವಳು ತಲೆಯೆತ್ತಿದಳು. ಲ್ಯಾಬ್ ನೋಡಿಕೊಳ್ಳುವ ಕುಮಾರ್ ಸರ್ವರ್ ಮೇಜಿನಿಂದ ಅವಳನ್ನೇ ನೋಡುತ್ತಿದ್ದ. ಸಿಕ್ಕಿಬಿದ್ದವನಂತೆ ನಕ್ಕು ಕಣ್ಣು ತಗ್ಗಿಸಿದ. ಬೇರೆ ದಿನವಾಗಿದ್ದರೆ ಆ ನಗುವಿಗೆ ಅವಳ ಕೆನ್ನೆ ಬಿಸಿಯಾಗುತ್ತಿತ್ತು. ಇವತ್ತು ಬೆನ್ನು ತಣ್ಣಗಾಯಿತು. ಬೇರೆಯವರ ಕೆಲಸವನ್ನು ನಡುವೆ ಕೊಲ್ಲಬಲ್ಲ ಪಾಸ್‌ವರ್ಡ್ ಇದ್ದದ್ದು ಅವನೊಬ್ಬನ ಬಳಿ.

ಟೂಲ್ ಬರೆಯುವಾಗ ಪಕ್ಕದಲ್ಲಿ ಕೂತು ತಮಾಷೆ ಮಾಡಿದವನೂ ಅವನೇ. ಎರರ್ 139ಕ್ಕೆ ಅವಳು ‘ತನ್ನದಲ್ಲದ ಜಾಗಕ್ಕೆ ಕಾಲಿಟ್ಟಿತು’ ಎಂದು ಬರೆದಾಗ, “ನಮ್ಮ ಹಳ್ಳಿಮೈಸೂರ್ ಕಡೇಲೂ ಇಂಗೇ ಮೇಡಂ. ಬದು ದಾಟಿದ್ರೆ ಕಾಲ್ ಮುರೀತಾರೆ” ಅಂದಿದ್ದ.

ಅವಳು ನಕ್ಕಿದ್ದಳು. ಹೊಳೆನರಸೀಪುರದ ಅರ್ಚಕರ ಮನೆಯ ಹುಡುಗಿ, ಗೌಡರ ಮನೆಯ ಹುಡುಗ; ಬದು ಯಾವುದೆಂದು ಇಬ್ಬರಿಗೂ ಗೊತ್ತಿತ್ತು.

ಶನಿವಾರ ಕಾಲೇಜಿನ ಕಮಿಟಿಯ ಮುಂದೆ ಒಂದು ದೊಡ್ಡ ಪ್ರೋಗ್ರಾಮನ್ನು ಈ ಟೂಲಿನಿಂದ ಬಿಲ್ಡ್ ಮಾಡಿ ತೋರಿಸಿದರೆ ಅವಳ ಕೆಲಸ ಕಾಯಂ, ಅದೇ ಸಂಸ್ಥೆಯ ಮೈಸೂರು ಕಾಲೇಜಿಗೆ ಪೋಸ್ಟಿಂಗ್. ಇಲ್ಲದಿದ್ದರೆ ಭಾನುವಾರ ಗಂಡಿನ ಕಡೆಯವರು ಬರುತ್ತಾರೆ. ಅಪ್ಪ ಯೋಗಾನರಸಿಂಹ ಅವರದು ಒಂದೇ ಮಾತು, ಎರಡಿಲ್ಲ.

ಮೈಸೂರಿನ ಸುದ್ದಿ ಕೇಳಿದ ದಿನ ಕುಮಾರ್, “ಈ ಬಿಲ್ಡ್ ಮುಗೀದೇ ಇದ್ರೇ ಚೆಂದಾಗಿತ್ತು” ಅಂದಿದ್ದ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಆ ಮಾತು ಈಗ ಅವಳ ಕಿವಿಯಲ್ಲಿ ಬೇರೆಯೇ ದನಿಯಲ್ಲಿ ಕೇಳಿಸಿತು. ಸಿಟ್ಟು ಬಂತು. ಸಿಟ್ಟಿನ ಅಡಿಯಲ್ಲಿ, ನನ್ನನ್ನು ಉಳಿಸಿಕೊಳ್ಳಲು ಇಷ್ಟು ಮಾಡಿದನೇ ಎಂಬ ಹಿತವೂ ಇತ್ತು. ಅದಕ್ಕೇ ಅವಳಿಗೆ ತನ್ನ ಮೇಲೆ ಇನ್ನೂ ಸಿಟ್ಟು ಬಂತು. ಎದ್ದು ವಿಭಾಗದ ಮುಖ್ಯಸ್ಥ ಚಂದ್ರಶೇಖರಯ್ಯನವರ ಕೋಣೆಗೆ ಹೋಗಿ, ಬಿಲ್ಡ್ ಕೊಲ್ಲುತ್ತಿರುವುದು ಕುಮಾರನೇ ಎಂದು ಹೇಳಿಬಿಟ್ಟಳು.

ಚಂದ್ರಶೇಖರಯ್ಯ ಅವನನ್ನು ಕರೆಸಿ ಕೇಳಿದರು. ಕುಮಾರ್ ಅವಳನ್ನೊಮ್ಮೆ ನೋಡಿದ. ಹೌದೂ ಅನ್ನಲಿಲ್ಲ, ಇಲ್ಲವೂ ಅನ್ನಲಿಲ್ಲ. ಕೀಲಿಗೊಂಚಲು ಮೇಜಿನ ಮೇಲಿಟ್ಟು ಹೊರಟುಹೋದ.

ಮರುದಿನ ಪಾಸ್‌ವರ್ಡ್ ಬದಲಾಯಿತು. ಸರ್ವರ್ ಮೇಜಿನ ಕುರ್ಚಿ ಖಾಲಿ. ಪ್ರಿಯಂವದಾ ಮತ್ತೆ ಬಿಲ್ಡ್ ಶುರುಮಾಡಿದಳು. ನಾಲ್ಕಕ್ಕೆ ಸ್ವಲ್ಪ ಮುಂಚೆ ಮೂವತ್ತು ವಿದ್ಯಾರ್ಥಿಗಳು ಬಂದು ಟರ್ಮಿನಲ್‌ಗಳ ಮುಂದೆ ಕೂತರು. ನಾಲ್ಕು ಹೊಡೆಯಿತು.

‘ಎರರ್ 137. ಯಾರೋ ಹೊರಗಿನಿಂದ ಕೊಂದರು.’

ಮೆಷಿನ್ ತನ್ನ ಆಗುಹೋಗು ಬರೆದಿಡುವ ಸಿಸ್ಟಮ್ ಲಾಗನ್ನು, ಮೊದಲ ದಿನವೇ ನೋಡಬೇಕಿದ್ದುದನ್ನು, ಅವಳು ಈಗ ತೆರೆದಳು. ಒಂದೇ ಸಾಲು ಇತ್ತು. ಮೆಮೊರಿ ಸಾಲದೆ, ಹೆಚ್ಚು ತಿನ್ನುತ್ತಿದ್ದ ಬಿಲ್ಡನ್ನು ಮೆಷಿನ್ ತಾನೇ ಕೊಂದಿತ್ತು. ಮೂವತ್ತು ಜನ ಒಟ್ಟಿಗೆ ಕೂರುವ ಹೊತ್ತಿಗೆ, ದಿನಾ. ನಂಬರ್ ಹೇಳಿದ್ದು ‘ಕೊಲ್ಲಲಾಯಿತು’ ಎಂದಷ್ಟೇ. ‘ಯಾರೋ’, ‘ಹೊರಗಿನಿಂದ’ ಎರಡನ್ನೂ ಸೇರಿಸಿದವಳು ಅವಳು.

ಸಂಜೆ ಅವಳ ಬಸ್ಸು ಹೊಳೆನರಸೀಪುರ ದಾಟಿತು. ಅವಳು ಇಳಿಯಲಿಲ್ಲ. ಹಳ್ಳಿಮೈಸೂರಿನಲ್ಲಿ ಕುಮಾರ್ ಗದ್ದೆಗೆ ನೀರು ತಿರುಗಿಸುತ್ತಿದ್ದ. ಅವಳನ್ನು ಕಂಡು ಗುದ್ದಲಿ ಕೆಳಗಿಟ್ಟ.

“ಯಾಕ್ ಬಂದ್ರಿ ಮೇಡಂ? ಯಾರಾದ್ರೂ ನೋಡ್ಬುಟ್ರೆ ನಿಮಗೇ ಕಷ್ಟ.”

“ಮೆಷಿನ್ನೇ ಕೊಂದಿತ್ತು ಕುಮಾರ್. ತಪ್ಪು ನಂದು. ನೀವು ಯಾಕೆ ಸುಮ್ಮನಿದ್ರಿ?”

“ಇಲ್ಲ ಅಂದಿದ್ರೆ ನೀವ್ ಸುಳ್ಳೇಳ್ದಂಗೆ ಆಯ್ತಿತ್ತು. ಶನಿವಾರ ಕಮಿಟಿ ಮುಂದೆ ನಿಲ್ಲೋರು ನೀವು.” ಕೆಸರು ಕೈ ಪಂಚೆಗೆ ಒರೆಸಿಕೊಂಡ. “ಆದ್ರೂ ನನ್ನೊಂದ್ ಮಾತು ಕೇಳ್ಬೋದಿತ್ತು.”

ಅವಳ ಕಣ್ಣು ತುಂಬಿತು. “ನೀವೇ ಕೊಂದಿರಲಿ ಅಂತ ಒಳಗೊಳಗೇ ಆಸೆ ಇತ್ತು ನಂಗೆ. ನಾಚಿಕೆ ಬಿಟ್ಟು ಹೇಳ್ತಿದೀನಿ. ನಂಗೆ ನೀವು ಬೇಕು.”

ಅವನು ಬದು ಹತ್ತಿ ಅವಳೆದುರು ನಿಂತ. “ನೀವ್ ಗೆದ್ದು ಓಗ್ಲಿ ಅಂತ್ಲೇ ಇದ್ದೆ. ನೀವ್ ಓಗ್ಬುಟ್ಮೇಲೆ ನಾನೆಂಗಿರ್ಲಿ ಅನ್ನೋದು ಮಾತ್ರ ಗೊತ್ತಿರ್ಲಿಲ್ಲ.”

“ನಾಳೆ ಸರ್‌ಗೆ ನಿಜ ಹೇಳ್ತೀನಿ.”

“ಸುಳ್ಳು ದೂರು ಕೊಟ್ಟೋಳು ಅಂತ ಕೆಲ್ಸ ಓಯ್ತದೆ. ಭಾನುವಾರ ಗಂಡಿನ ಕಡೆಯೋರು ಬತ್ತಾರೆ.”

“ಬರಲಿ. ಅವರಿಗಿಂತ ಮುಂಚೆ ನೀವು ನಮ್ಮನೆಗೆ ಬನ್ನಿ.”

ಕೆರೆ ಏರಿಯ ಮೇಲೆ ಯಾರೋ ಸೈಕಲ್ ನಿಲ್ಲಿಸಿ ಇತ್ತಲೇ ನೋಡುತ್ತಿದ್ದರು. ಇಬ್ಬರಿಗೂ ಕಂಡಿತು. ಅವಳು ಅಲ್ಲಾಡಲಿಲ್ಲ.

“ನಿಮ್ಮಪ್ಪಾರು ಬಾಗ್ಲೇ ತೆಗೀದಿದ್ರೆ?”

“ಆಗ ನಾನೇ ಹೊರಗೆ ಬರ್ತೀನಿ.”