ಮೇಷ್ಟ್ರು ಕಲಿತ ಉಸಿರಿನ ಪಾಠ

ನರ್ಸ್ ಅಷ್ಟು ಮುತುವರ್ಜಿಯಿಂದ ಪಾಠ ಹೇಳಿಕೊಟ್ಟದ್ದು ಬೇರೆ ಯಾವುದೋ ರೋಗಿಯ ಮಗನಿಗೆ.

ಮದುವೆಯಾಗದೆ ಅಕ್ಕನ ಜೊತೆಗಿದ್ದ ಟೈಲರಮ್ಮನ ಒಂದು ಕಿಡ್ನಿ ತೆಗೆದು ವರ್ಷವಾಗಿತ್ತು. ಅಲ್ಲಿನ ಕ್ಯಾನ್ಸರ್ ಸದ್ದಿಲ್ಲದೆ ಶ್ವಾಸಕೋಶಕ್ಕೆ ಹರಡಿ ಚುಕ್ಕೆಗಳಾಗಿ ಕೂತಿತ್ತು. ದೇಹದ ರೋಗನಿರೋಧಕ ಶಕ್ತಿಯನ್ನು ಅದರ ಮೇಲೆ ಎತ್ತಿಕಟ್ಟುವ ಔಷಧಿಯನ್ನು ಅವಳು ದಿನವೂ ಮನೆಯಲ್ಲೇ, ಒಂದು ಯಂತ್ರದ ಮೂಲಕ, ಮಂಜಿನಂತೆ ಉಸಿರಲ್ಲಿ ಎಳೆದುಕೊಳ್ಳಬೇಕಿತ್ತು. ಯಂತ್ರದ ಬಳಕೆ ಕಲಿಯಲು ಆಸ್ಪತ್ರೆಗೆ ಬರಬೇಕಿದ್ದ ಅಕ್ಕನಿಗೆ ಬಸ್ಸು ತಪ್ಪಿತು. ಪಕ್ಕದ ಕುರ್ಚಿಯಲ್ಲಿ ತಾಯಿಯ ಎಕ್ಸ್‌ರೇಗೆ ಕಾಯುತ್ತಿದ್ದ ಭೂಗೋಳದ ಮೇಷ್ಟ್ರನ್ನೇ ಗಂಡನೆಂದು ತಿಳಿದು ನರ್ಸ್ ಎಲ್ಲ ವಿವರಿಸಿದಳು. ಟೈಲರಮ್ಮ ತೂಕ ನೋಡಿಸಿಕೊಂಡು ಬಂದಾಗ ಅವನು ಡೌಟು ಕೇಳುತ್ತಿದ್ದ.

"ಇವರು ಯಾರೋ ನಂಗೆ ಗೊತ್ತಿಲ್ಲ" ಎಂದಳು.

"ನಾನೂ ಹೇಳೋಣ ಅಂತಿದ್ದೆ. ಪಾಠದ ಮಧ್ಯೆ ಎದ್ದು ಹೋದ್ರೆ ಟೀಚರ್‌ಗೆ ಎಷ್ಟು ಬೇಜಾರಾಗುತ್ತೆ ಅಂತ ನಂಗೊತ್ತು."

ಅವಳಿಗೆ ನಗು ಬಂತು. ನಗುವಿನ ಹಿಂದೆ ಕೆಮ್ಮು ಬಂತು. ಕೆಮ್ಮಿನ ಹಿಂದೆ ಅವನ ನೀರಿನ ಬಾಟಲಿ ಬಂತು.

ಆ ಯಂತ್ರ ಅಕ್ಕನಿಗೆ ಮಾತ್ರ ಒಲಿಯಲಿಲ್ಲ. ಫೋನಿನಲ್ಲಿ ಎಷ್ಟು ಹೇಳಿದರೂ ತಲೆಗೆ ಹತ್ತದೆ, ಕೊನೆಗೆ ಮೇಷ್ಟ್ರೇ ಶಾಲೆಗೆ ಹೋಗುವ ದಾರಿಯಲ್ಲಿ ಬರತೊಡಗಿದ. ಬಾಯಲ್ಲಿ ನಳಿಗೆಯಿದ್ದಷ್ಟು ಹೊತ್ತು ಅವಳು ಮಾತಾಡುವಂತಿರಲಿಲ್ಲ. ಅವನು ನದಿಗಳ ಕಥೆ ಹೇಳುತ್ತಿದ್ದ. ನಂಬದಿದ್ದರೆ ಅವಳು ಒಂದು ಹುಬ್ಬು ಏರಿಸುತ್ತಿದ್ದಳು. ಆ ಹುಬ್ಬಿಗಾಗಿಯೇ ಅವನು ಒಂದೆರಡು ಸುಳ್ಳು ಸೇರಿಸುತ್ತಿದ್ದ. ಅವಳು ಕಣ್ಣಲ್ಲೇ ಗದರಿದರೆ ಅವನ ಕಿವಿ ಕೆಂಪಾಗುತ್ತಿತ್ತು. ಅಕ್ಕ ಅಡುಗೆಮನೆಯಿಂದ ಬೇಕೆಂದೇ ಪಾತ್ರೆ ಸದ್ದು ಮಾಡುತ್ತಿದ್ದಳು.

ಸ್ಕ್ಯಾನ್ ದಿನ ಹತ್ತಿರವಾದಂತೆ ಟೈಲರಮ್ಮನ ಧೈರ್ಯ ಕುಸಿಯಿತು. ಇನ್ನು ಬರಬೇಡಿ, ಯಂತ್ರ ನಾನೇ ನೋಡಿಕೊಳ್ಳುತ್ತೇನೆ ಎಂದುಬಿಟ್ಟಳು. ನಾಳೆಯೇ ಗೊತ್ತಿಲ್ಲದವಳು ಇನ್ನೊಬ್ಬರಿಗೆ ಆಸೆ ಹುಟ್ಟಿಸಬಾರದೆಂದು ಅವಳ ಲೆಕ್ಕ. ಅವನು ತಲೆಯಾಡಿಸಿ ಹೋದ. ಮರುದಿನ ಬರಲಿಲ್ಲ, ಅದರ ಮರುದಿನವೂ ಇಲ್ಲ. ಮನೆ ಬಿಕೋ ಎಂದಿತು. ಅಕ್ಕ ಈಗ ಸಿಟ್ಟಿಗೆ ಪಾತ್ರೆ ಕುಕ್ಕುತ್ತಿದ್ದಳು.

ರಿಪೋರ್ಟಿನ ದಿನ ಡಾಕ್ಟರ ಕೋಣೆಯ ಮುಂದೆ ಅವನು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ನಿಂತಿದ್ದ.

"ಬರಬೇಡಿ ಅಂದಿದ್ದೆ."

"ಮನೆಗೆ ಬರಬೇಡಿ ಅಂದ್ರಿ. ಇದು ಆಸ್ಪತ್ರೆ." ಅವನು ದನಿ ತಗ್ಗಿಸಿದ. "ಒಳಗೆ ಹೋಗೋ ಮೊದಲೇ ಕೇಳಬೇಕು. ಆಮೇಲೆ ಕೇಳಿದ್ರೆ, ರಿಪೋರ್ಟ್ ಕೆಟ್ಟದಿದ್ರೆ ಕನಿಕರಕ್ಕೆ ಕೇಳಿದ್ರಿ ಅಂತೀರಿ, ಚೆನ್ನಾಗಿದ್ರೆ ಧೈರ್ಯ ಬಂತು ಅದಕ್ಕೇ ಕೇಳಿದ್ರಿ ಅಂತೀರಿ. ನನ್ನ ಮದುವೆ ಆಗ್ತೀರಾ?"

ಅವಳ ಕಣ್ಣು ತುಂಬಿತು. "ದಿನಾ ನಾನು ಸುಮ್ನೆ ಕೂತಿರ್ತೀನಿ, ನೀವೊಬ್ರೇ ಮಾತಾಡ್ಬೇಕು. ತಡ್ಕೋತೀರಾ?"

"ಯಾರೂ ಕೇಳಿಸ್ಕೊಳ್ಳದೆ ಇದ್ರೂ ಮಾತಾಡೋದೇ ನನ್ನ ಕೆಲಸ."

ಅಷ್ಟರಲ್ಲಿ ಒಳಗಿನಿಂದ ಕರೆ ಬಂತು. ಅವಳು ಎರಡು ಹೆಜ್ಜೆ ಇಟ್ಟು ತಿರುಗಿದಳು. ಅವನಿನ್ನೂ ಉತ್ತರಕ್ಕೆ ಕಾಯುತ್ತ ನಿಂತಲ್ಲೇ ನಿಂತಿದ್ದ.

"ಬಾ" ಎಂದಳು, ಮೊದಲ ಬಾರಿಗೆ ಏಕವಚನದಲ್ಲಿ.

ಚುಕ್ಕೆಗಳು ಬೆಳೆದಿಲ್ಲ, ಎರಡು ಕುಗ್ಗಿವೆ ಎಂದರು ಡಾಕ್ಟರು. ಪೂರ್ತಿ ಗುಣವಾಯಿತೆಂದು ಅರ್ಥವಲ್ಲ, ಔಷಧಿ ಮುಂದುವರಿಸೋಣ ಎಂದೂ ಹೇಳಿದರು. ಟೈಲರಮ್ಮ ಎಲ್ಲವನ್ನೂ ಗಮನವಿಟ್ಟು ಕೇಳಿಸಿಕೊಂಡಳು. ಮೇಷ್ಟ್ರಿಗೆ ಮಾತ್ರ "ಬಾ" ಎಂಬುದರ ಆಚೆ ಒಂದಕ್ಷರವೂ ಕಿವಿಗೆ ಬಿದ್ದಿರಲಿಲ್ಲ. ಮನೆ ದಾರಿಯುದ್ದಕ್ಕೂ ಅವಳೇ ಅವನಿಗೆ ಎಲ್ಲ ಮೊದಲಿನಿಂದ ಬಿಡಿಸಿ ಹೇಳಬೇಕಾಯಿತು.