ಟಕ್ ಅಂದದ್ದು ಯಾವ ಸೈಕಲ್?

"ಏಯ್, ಹಿಂದೆ ಯಾರೋ ಅಕ್ರೋಟು ಒಡೀತಿದಾರೆ ಕಣ್ರೋ!"

ಸೈಕಲ್ಲುಗಳ ಸಾಲಿನ ಮುಂದಿನಿಂದ ಶಿನಾರ್ ಕೂಗಿದಳು. ಎಲ್ಲರೂ ಗೊಳ್ಳೆಂದು ನಕ್ಕರು. ಎಲ್ಲರಿಗಿಂತ ಹಿಂದಿದ್ದ ಮೊಲ್ದಿರ್ ಕಿವಿಯವರೆಗೂ ಕೆಂಪಾದಳು.

ಅವಳು ಪೆಡಲ್ ಒತ್ತಿದಾಗಲೆಲ್ಲ ಸೈಕಲ್ಲು 'ಟಕ್' ಎನ್ನುತ್ತಿತ್ತು. ನಿಧಾನ ಹೋದರೆ ಟಕ್... ಟಕ್... ಜೋರು ಹೋದರೆ ಟಕ್‌ಟಕ್‌ಟಕ್! ರೇಸ್ ಸೈಕಲ್ಲೇನೋ ಹೌದು. ಆದರೆ ಮೊಲ್ದಿರ್ ಕೈಗೆ ಬರುವ ಹೊತ್ತಿಗೆ ಅದನ್ನು ಎಷ್ಟು ಮಂದಿ ತುಳಿದಿದ್ದರೋ! ಶಿನಾರಳದ್ದು ಮಾತ್ರ ಹೊಸದು. ತಾಲ್ಗರ್ ಊರಿನ ಮಕ್ಕಳ ಸೈಕಲ್ ತಂಡದಲ್ಲಿ ಅವಳೇ ಎಲ್ಲರಿಗಿಂತ ಜೋರು.

ಜೊತೆಗೇ ಬರುತ್ತಿದ್ದ ವ್ಯಾನಿನ ಕಿಟಕಿಯಿಂದ ಕೋಚ್ ತೊಲೆಗೆನ್ ತಲೆ ಹೊರಹಾಕಿದರು.

"ಮೊಲ್ದಿರ್, ಆ ಸದ್ದಿಗೊಂದು ಗತಿ ಕಾಣಿಸು. ಇಲ್ಲಾಂದ್ರೆ ಭಾನುವಾರ ಬೆಟ್ಟಕ್ಕೆ ಬರೋದು ಬೇಡ. ಸದ್ದು ಮಾಡೋ ಸೈಕಲ್ಲನ್ನ ನಾನು ಇಳಿಜಾರಿಗೆ ಬಿಡಲ್ಲ."

"ಆಯ್ತು, ಅಗಾಯ್," ಎಂದಳು ಮೊಲ್ದಿರ್. ಮೇಷ್ಟರನ್ನು, ಕೋಚನ್ನು ಅಲ್ಲಿಯ ಮಕ್ಕಳೆಲ್ಲ ಕರೆಯುವುದು ಹಾಗೆಯೇ.

ಮನೆಯಂಗಳದಲ್ಲಿ ಅವಳು ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ ಪೆಡಲ್ ತಿರುಗಿಸಿದಳು. ಕಳ್ಳ ಸೈಕಲ್ಲು ತುಟಿ ಪಿಟಕ್ಕೆನ್ನಲಿಲ್ಲ! ಹತ್ತಿ ಕೂತು ತುಳಿದರೆ ಮಾತ್ರ ಟಕ್.

ಅಜ್ಜಿ ಬೌರ್ಸಾಕ್ ಕರಿಯಲು ಹಿಟ್ಟು ನಾದುತ್ತಿದ್ದವಳು ಅದೇ ಕೈಯಲ್ಲಿ ಹೊರಗೆ ಬಂದಳು.

"ಏನೇ ಅದು, ನಿನ್ನ ಕುದುರೆಗೆ ಹೊಟ್ಟೆನೋವಾ?"

"ಹೊಟ್ಟೆನೋ ಕಾಲೋ ಅದೇ ಗೊತ್ತಾಗ್ತಿಲ್ಲ, ಅಜೆ. ಒಂದ್ಸಲ ಸೀಟಲ್ಲಿ ಅನ್ಸುತ್ತೆ, ಇನ್ನೊಂದ್ಸಲ ಚಕ್ರದಲ್ಲಿ ಅನ್ಸುತ್ತೆ."

ಮೊಲ್ದಿರ್ ಓಣಿಗೆ ಹೋದಳು. ಸೀಟಿನಿಂದ ಎದ್ದು ನಿಂತು ತುಳಿದಳು. ಟಕ್. ಹಾಗಾದರೆ ಸೀಟಿನದಲ್ಲ. ತುಳಿಯುವುದನ್ನು ನಿಲ್ಲಿಸಿ ಸುಮ್ಮನೆ ಉರುಳಲು ಬಿಟ್ಟಳು. ಸದ್ದಿಲ್ಲ. ಅಂದರೆ ಚಕ್ರದ್ದೂ ಅಲ್ಲ. ಬಲಗಾಲಿನಿಂದ ಮಾತ್ರ ತುಳಿದಳು. ಸದ್ದಿಲ್ಲ. ಎಡಗಾಲಿನಿಂದ ತುಳಿದಳು.

ಟಕ್!

"ಸಿಕ್ತು ಅಜೆ! ಎಡಗಡೆ ಪೆಡಲ್ಲು!"

ಆದರೆ ಪೆಡಲ್ಲು ಬಿಚ್ಚಿಕೊಳ್ಳಲೇ ಇಲ್ಲ. ಮೊಲ್ದಿರ್ ಸ್ಪ್ಯಾನರಿಗೆ ಜೋತುಬಿದ್ದಳು. ಅಜ್ಜಿ ಹಿಟ್ಟಿನ ಕೈಯಲ್ಲೇ ಬಂದು ಎಳೆದಳು. ಊಹೂಂ. ಮೊಲ್ದಿರ್ ಕೂತು ಬಲಗಡೆಯದನ್ನೂ ಎಡಗಡೆಯದನ್ನೂ ಹೋಲಿಸಿ ನೋಡಿದಳು. ಎಡಗಡೆಯದರ ತಿರುಪಿನ ಸುತ್ತು ಉಲ್ಟಾ ಇತ್ತು.

"ಅಯ್ಯೋ, ನಾವಿಬ್ರೂ ಇಷ್ಟೊತ್ತು ಇನ್ನೂ ಟೈಟ್ ಮಾಡ್ತಿದ್ವಿ ಅಜೆ!"

ಅಜ್ಜಿ ನಕ್ಕು ನಕ್ಕು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಇನ್ನೊಂದು ಕಡೆಗೆ ತಳ್ಳಿದ್ದೇ ತಡ, ಪೆಡಲ್ಲು ಬಿಚ್ಚಿಕೊಂಡಿತು. ತಿರುಪೆಲ್ಲ ಒಣಗಿ, ಮಣ್ಣು ಮೆತ್ತಿಕೊಂಡಿತ್ತು. ಮೊಲ್ದಿರ್ ಅದನ್ನು ಉಜ್ಜಿ, ಗ್ರೀಸು ಸವರಿ, ಬಿಗಿಯಾಗಿ ಕೂರಿಸಿದಳು.

ಆಮೇಲೆ ಓಣಿಯಲ್ಲಿ ಸುತ್ತಿದ್ದೇ ಸುತ್ತಿದ್ದು. ಚೈನಿನ ಸಣ್ಣ ಗುಂಯ್‌ಗುಡುವಿಕೆ ಬಿಟ್ಟರೆ ಬೇರೆ ಸದ್ದೇ ಇಲ್ಲ. ಸರಿಮಾಡಿದ್ದು ತಾನೇ!

ಭಾನುವಾರ ತಂಡ ಬೆಟ್ಟ ಹತ್ತತೊಡಗಿತು. ಏರು ಕಡಿದಾಗುತ್ತಿದ್ದಂತೆ ಕೇಳಿಸಿತು:

ಕಿಟ್.

"ಓಹೋ, ಅಕ್ರೋಟು ಮತ್ತೆ ಶುರು!" ಎಂದಳು ಶಿನಾರ್, ತಿರುಗಿಯೂ ನೋಡದೆ.

ಎಲ್ಲರೂ ಮೊಲ್ದಿರಳ ಕಡೆ ನೋಡಿದರು. ಅಷ್ಟೆಲ್ಲ ಮಾಡಿಯೂ...? ಅವಳು ಪೆಡಲ್ ತುಳಿಯುವುದನ್ನು ಒಂದು ಗಳಿಗೆ ನಿಲ್ಲಿಸಿದಳು.

ಕಿಟ್.

ತಾನು ತುಳಿಯುತ್ತಲೇ ಇಲ್ಲ! ಮೊಲ್ದಿರ್ ಜೋರಾಗಿ ತುಳಿದು ಮುಂದೆ ಹೋಗಿ ಶಿನಾರಳ ಹಿಂದೆಯೇ ಅಂಟಿಕೊಂಡಳು. ಶಿನಾರ್ ಕೂತಿದ್ದಾಗ ಸದ್ದಿಲ್ಲ. ಎದ್ದು ನಿಂತು ಹ್ಯಾಂಡಲ್ ಎಳೆದಾಗಲೆಲ್ಲ, ಕಿಟ್.

ಮೇಲೆ ತಲುಪಿ ಎಲ್ಲರೂ ನೀರು ಕುಡಿದರು. ಕೋಚ್ ಚಪ್ಪಾಳೆ ತಟ್ಟಿದರು. "ಸರಿ, ಇನ್ನು ಇಳಿಯೋಣ. ತಿರುವಲ್ಲಿ ಹುಷಾರು!"

"ಅಗಾಯ್, ಒಂದ್ನಿಮಿಷ," ಎಂದಳು ಮೊಲ್ದಿರ್. "ಶಿನಾರ್ ಸೈಕಲ್ಲಲ್ಲಿ ಏನೋ ಸದ್ದು ಬರ್ತಿದೆ."

"ನಂದ್ರಲ್ಲಾ?" ಶಿನಾರ್ ಸಿಡಿದಳು. "ನಂದು ಹೊಸದು! ನಿನ್ನ ಡಬ್ಬಾ ಸದ್ದನ್ನ ನನ್ ತಲೆಗೆ ಕಟ್ಬೇಡ."

"ಜಗಳ ಸಾಕು," ಎಂದರು ಕೋಚ್. "ಕೆಳಗೆ ಹೋಗಿ ನೋಡೋಣ."

ಎಲ್ಲರ ಮುಂದೆ ಕೋಚಿಗೆ ಎದುರು ಹೇಳುವುದೆಂದರೆ! ಆದರೂ ಮೊಲ್ದಿರ್ ಶಿನಾರಳ ಸೈಕಲ್ಲಿನ ಮುಂದಿನ ಚಕ್ರವನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿ ನಿಂತಳು.

"ಕೆಳಗಲ್ಲ ಅಗಾಯ್, ಇಲ್ಲೇ. ಕೇಳಿ ಒಂದ್ಸಲ."

ಹ್ಯಾಂಡಲಿನ ಎಡತುದಿಯನ್ನು ಒತ್ತಿದಳು. ಏನೂ ಇಲ್ಲ. ಬಲತುದಿಗೆ ಮೈಭಾರವನ್ನೆಲ್ಲ ಹಾಕಿದಳು.

ಕಿಟ್.

ಯಾರೂ ನಗಲಿಲ್ಲ. ಕೋಚ್ ಹತ್ತಿರ ಬಂದು, ಬ್ರೇಕಿನ ಬಳಿ ಹ್ಯಾಂಡಲಿಗೆ ಸುತ್ತಿದ್ದ ಟೇಪನ್ನು ಬಿಚ್ಚತೊಡಗಿದರು. ಒಳಗಿನ ಕೊಳವೆಯ ಮೇಲೆ ಕೂದಲಿನಷ್ಟು ತೆಳುವಾದ ಕಪ್ಪು ಗೆರೆಯೊಂದು ಕಂಡಿತು. ಅವರು ಅದರ ಜಾಡು ಹಿಡಿದು ಬೆರಳಾಡಿಸಿದರು. ಗೆರೆ ಸುತ್ತಿಕೊಂಡು ಹಿಂಬದಿಯವರೆಗೂ ಹೋಗಿತ್ತು.

"ಬಿರುಕು," ಎಂದರು ಮೆಲ್ಲಗೆ. ಇಳಿಜಾರಿನ ರಸ್ತೆಯತ್ತ ಒಮ್ಮೆ ನೋಡಿದರು. "ಶಿನಾರ್, ಎಲ್ಲಾದ್ರೂ ಬಿದ್ದಿದ್ಯಾ?"

ಶಿನಾರ್ ನೆಲ ನೋಡಿದಳು. "ಹೋದ ವಾರ... ಕಾಲುವೆ ಹತ್ರ. ಹೇಳಿದ್ರೆ ಬೆಟ್ಟಕ್ಕೆ ಬಿಡಲ್ಲ ಅಂತ..."

ಕೋಚ್ ಬೈಯಲಿಲ್ಲ. ಸೈಕಲ್ಲನ್ನೆತ್ತಿ ವ್ಯಾನಿನಲ್ಲಿಟ್ಟರು. ಬಂದು ಮೊಲ್ದಿರಳ ಹೆಲ್ಮೆಟ್ ಮೇಲೆ ಕೈಯಿಟ್ಟರು.

"ಹೊಸ ಹ್ಯಾಂಡಲ್ ಕೂರಿಸೋವಾಗ ನೀನೂ ಬಾ. ನಿನ್ನ ಕಿವಿ ಬೇಕು."

ವ್ಯಾನಿನ ಬಾಗಿಲಲ್ಲಿ ಶಿನಾರ್ ತಡೆದು ನಿಂತಳು. "ನಂಗೂ ಕೇಳಿಸ್ತಿತ್ತು ಕಣೇ," ಎಂದಳು, ಬೇರೆಯವರಿಗೆ ಕೇಳಿಸದಂತೆ. "ನಿಂದೇ ಅಂದ್ಕೊಂಡ್ರೆ ಭಯ ಆಗ್ತಿರ್ಲಿಲ್ಲ."

ಮೊಲ್ದಿರ್ ತಲೆಯಾಡಿಸಿದಳು. ಆಮೇಲೆ ತನ್ನ ಸೈಕಲ್ಲು ಹತ್ತಿ, ಸಾಲಿನ ಮುಂದೆಯೇ ಬೆಟ್ಟ ಇಳಿದಳು. ಗಾಳಿ ಕಿವಿಯಲ್ಲಿ ಸುಯ್ಯೆನ್ನುತ್ತಿತ್ತು.

ಸಂಜೆ ಅವಳು ಚಹಾ ಕುಡಿಯುತ್ತಾ ಎಲ್ಲವನ್ನೂ ಹೇಳಿದಾಗ ಅಜ್ಜಿಯ ಕಣ್ಣು ಹೊಳೆಯಿತು.

"ಭಲೇ! ಆ ಜಂಬಗಾತಿಗೆ ಎಲ್ರೆದುರಿಗೂ ಹೇಳಿದೆ ತಾನೇ, ಅಕ್ರೋಟು ಒಡೀತಿದ್ದದ್ದು ನಾನಲ್ಲ, ನೀನೇ ಅಂತ?"

ಮೊಲ್ದಿರ್ ಬಟ್ಟಲು ಹಿಡಿದುಕೊಂಡು ಯೋಚಿಸಿದಳು. ಏರಿನಲ್ಲಿ ಆ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಹ್ಯಾಂಡಲ್ ಒತ್ತಿ ಕಿವಿಗೊಟ್ಟು ನಿಂತಾಗ ಎಲ್ಲಿ ಹೋಯಿತೋ.

"ಇಲ್ಲ ಅಜೆ," ಎಂದಳು. "ಮರೆತೇ ಹೋಯ್ತು."

ಹಾಗೆಂದವಳಿಗೆ ತನಗೇ ನಗು ಬಂತು. ಅಜ್ಜಿ ಅವಳನ್ನೇ ಒಂದು ಗಳಿಗೆ ನೋಡಿ, ತಟ್ಟೆಯಲ್ಲಿದ್ದ ಬೌರ್ಸಾಕುಗಳಲ್ಲಿ ದೊಡ್ಡದನ್ನು ಆರಿಸಿ ಅವಳ ಮುಂದೆ ಸರಿಸಿದಳು.