ಉಯ್ಯಾಲೆಯ ಸುತ್ತ ಐದು ಸ್ಪೀಕರ್

ಟಕ್.

ಅಡಿಕೆಯ ಹೋಳೊಂದು ಸಿಮೆಂಟ್ ನೆಲಕ್ಕೆ ಬಿದ್ದಷ್ಟು ಸಣ್ಣ ಶಬ್ದ.

ಸಿದ್ದಾಪುರ ಪೇಟೆಗೆ ಪೇಟೆಯೇ ಮಲಗಿದ್ದ ಹೊತ್ತು. ಗಗನಾಳಿಗೆ ಮಾತ್ರ ಎಚ್ಚರವಿತ್ತು. ಬಾಗಿಲಿಗೆ ಚಿಲಕ ಹಾಕಿದ ಮೇಲೆ ಮತ್ತೊಮ್ಮೆ ಎಳೆದು ನೋಡಿ, ಹಾಸಿಗೆಗೆ ಬಂದ ಮೇಲೂ 'ಎಳೆದು ನೋಡಿದೆನಾ?' ಎಂದು ಕೇಳಿಕೊಳ್ಳುವ ಜಾತಿ ಅವಳದು.

ಶಬ್ದ ಬಂದದ್ದು ಜಗುಲಿಯಿಂದ. ಅಲ್ಲಿ ಹೊಸ ಹೋಮ್ ಥಿಯೇಟರ್ ಇತ್ತು. ಹೊಸದು, ಆದರೆ ಇನ್ನೂ ತಮ್ಮದಲ್ಲ. ಮನೆಗೆ ಒಗ್ಗುತ್ತದೋ ನೋಡಿ ಎಂದು ಶಿರಸಿಯ ಅಂಗಡಿಯವರು ಬಿಟ್ಟುಹೋಗಿದ್ದರು.

'ಏನೋ ಸುಟ್ಟಿತಾ... ನಾವೇ ಹಾಳು ಮಾಡಿದ್ದು ಅಂದರೆ?'

ಎದ್ದು ನೋಡಲು ಧೈರ್ಯವಾಗಲಿಲ್ಲ. ಬೆಳಿಗ್ಗೆ ನೋಡಿದರೆ ಐದು ಸ್ಪೀಕರುಗಳೂ ಸಾಧುಗಳಂತೆ ಕೂತಿದ್ದವು. ಅವನ್ನು ನಡೆಸುವ ಡಬ್ಬಿಯ ಕೆಂಪು ದೀಪ ಎಂದಿನಂತೆ ಉರಿಯುತ್ತಿತ್ತು. ಆದರೂ ಅವಳು ಅಂಗಡಿಗೆ ಫೋನ್ ಮಾಡಿದಳು.

ಮಧ್ಯಾಹ್ನ ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿ ಮನೆಗೆ ಬಂದಾಗ, ಜಗುಲಿಯ ಮಧ್ಯೆ ಅಪರಿಚಿತ ಯುವಕನೊಬ್ಬ ನಿಂತು ಚಪ್ಪಾಳೆ ತಟ್ಟುತ್ತಿದ್ದ. ಒಂದು ಮೂಲೆಗೆ ಹೋಗಿ ತಟ್ಟಿದ. ಇನ್ನೊಂದು ಮೂಲೆಗೆ ಹೋಗಿ ತಟ್ಟಿದ. ನಡುವೆ ಕಣ್ಣು ಮುಚ್ಚಿ ತಲೆ ಅಲ್ಲಾಡಿಸಿದ.

ಕಳ್ಳರು ಚಪ್ಪಾಳೆ ತಟ್ಟುವುದಿಲ್ಲ ಎಂಬ ಒಂದೇ ಧೈರ್ಯದಲ್ಲಿ ಅವಳು ಒಳಗೆ ಕಾಲಿಟ್ಟಳು.

"ಯಾರನ್ನ ಹೊಗಳ್ತಾ ಇದ್ದೀರಿ?"

ಅವನು ಕಣ್ಣು ಬಿಟ್ಟ. ಎತ್ತಿದ ಕೈ ಎತ್ತಿದ ಹಾಗೇ ಉಳಿಯಿತು.

"ಹೊಗಳ್ತಾ ಇಲ್ಲ. ಈ ಜಾಗ ಏನು ಹೇಳುತ್ತೆ ಅಂತ ಕೇಳ್ತಾ ಇದ್ದೆ."

"ಏನು ಹೇಳಿತು?"

"ಯಾರ ಮಾತೂ ಕೇಳುವುದಿಲ್ಲ ಅಂತು."

ಅವಳಿಗೆ ನಗು ಬಂತು. ಬಂದ ನಗುವನ್ನು ತಡೆದಳು. ತಡೆದದ್ದು ಅವನಿಗೆ ಕಂಡಿತು. ಅದು ಅವನಿಗೆ ಕಂಡಿತೆಂಬುದು ಇವಳಿಗೂ ಗೊತ್ತಾಗಿ, ಕೈಯಲ್ಲಿದ್ದ ಪುಸ್ತಕಗಳು ಯಾಕೋ ಒಮ್ಮೆಲೇ ಭಾರವಾದವು...

ಅವನ ಹೆಸರು ಚಿರಂತನ. ವಾನಳ್ಳಿ ಕಡೆಯವನು. ಶಿರಸಿಯ ಸೀತಾರಾಮಣ್ಣನ ಅಂಗಡಿಯಲ್ಲಿ ಮನೆಮನೆಗೆ ಹೋಗಿ ಸ್ಪೀಕರು ಹೊಂದಿಸುವುದು ಅವನ ಕೆಲಸ.

ಆ ಜಗುಲಿಗೆ ಹೊಂದಿಸುವುದೆಂದರೆ ಸುಲಭವಿರಲಿಲ್ಲ. ತಲೆಯ ಮೇಲೆ ಹಲಗೆಯ ಮುಚ್ಚಿಗೆ. ಶಬ್ದ ಜೋರಾದರೆ ಅದೂ ಜೊತೆಗೆ ಹಾಡುತ್ತಿತ್ತು. ಒಂದು ಪಕ್ಕ ಸಾಲಾಗಿ ಮೂರು ಬಾಗಿಲು. ಹಿಂದೆ ಗೋಡೆಯೇ ಇಲ್ಲ, ಬರೀ ಮರದ ಪಟ್ಟಿಗಳ ದಳಿ. ಒಳಗೆ ಸ್ಪೀಕರಿನಲ್ಲಿ ಮದ್ದಲೆ ಮೊಳಗಿದರೆ ರಸ್ತೆಯಲ್ಲಿ ಹೋಗುವವರು ನಿಂತು ತಲೆದೂಗುತ್ತಿದ್ದರು.

ಎಲ್ಲಕ್ಕಿಂತ ದೊಡ್ಡ ತೊಡಕು ಗಗನಾಳ ಅಪ್ಪಯ್ಯ.

ವಿಘ್ನೇಶ್ವರ ಹೆಗಡೆಯವರಿಗೆ ಸಿನಿಮಾ ಬೇಕಿರಲಿಲ್ಲ. ತಾಳಮದ್ದಲೆಯ ಹಳೇ ರೆಕಾರ್ಡಿಂಗುಗಳನ್ನು, ಅದರಲ್ಲೂ ಭಾಗವತರ ಹಾಡನ್ನು ಕೇಳಬೇಕಿತ್ತು. ಅದೂ ಜಗುಲಿಯ ನಟ್ಟನಡುವೆ ಸರಪಳಿಯಲ್ಲಿ ತೂಗುವ ಉಯ್ಯಾಲೆಯಲ್ಲೇ ಕೂತು, ಜೀಕುತ್ತಲೇ.

"ಹೆಗಡೇರೇ, ಶಬ್ದ ಸರಿಯಾಗಿ ಕೂಡೋದು ಒಂದೇ ಜಾಗದಲ್ಲಿ. ನೀವು ಆ ಜಾಗ ದಾಟಿ ಮುಂದೆ ಹೋಗ್ತೀರಿ, ಮತ್ತೆ ದಾಟಿ ಹಿಂದೆ ಬರ್ತೀರಿ," ಎಂದ ಚಿರಂತನ.

"ಅದಕ್ಕೆಂತ? ಹಿಂದಿನ ಎರಡು ಸ್ಪೀಕರನ್ನ ಉಯ್ಯಾಲೆಗೇ ಕಟ್ಟು ಮಾರಾಯಾ. ಅವೂ ಯನ್ನ ಸಂತಿಗೇ ಜೀಕ್ಲಿ."

ಚಿರಂತನ ನಗಲಿಲ್ಲ. ಸರಪಳಿಯನ್ನು ಮೇಲಿಂದ ಕೆಳಗಿನವರೆಗೆ ನೋಡಿ ನಿಜವಾಗಿಯೂ ಯೋಚಿಸಿದ. "ವೈರು ತಿರುಚುತ್ತೆ," ಎಂದ ಕೊನೆಗೆ, ವಿಷಾದದಿಂದ.

'ಅಪ್ಪಯ್ಯನ ಮಾತಿಗೆ ನಗದೇ ಯೋಚಿಸಿದ ಮೊದಲ ಮನುಷ್ಯ,' ಅಂದುಕೊಂಡಳು ಗಗನಾ.

ಅಪ್ಪಯ್ಯನ ಆಯಿ, ಎಂದರೆ ತಾಯಿ, ಸೀತಮ್ಮಜ್ಜಿ ಒಳಗಿನಿಂದ ಬೆಲ್ಲ, ನೀರು ತಂದಿಟ್ಟರು. "ಆಸ್ರಿ ಕುಡಿ ಮಾಣಿ. ಆ ಡಬ್ಬಿ ಎಲ್ಲಿಗೂ ಓಡಿಹೋಗ್ತಿಲ್ಲೆ."

ಅವನು ಇಳಿಹೊತ್ತಿನವರೆಗೂ ರಿಮೋಟ್ ಹಿಡಿದು, ಮುಂದಿನ ಸ್ಪೀಕರನ್ನು ತಗ್ಗಿಸಿ, ಹಿಂದಿನದನ್ನು ಏರಿಸಿ, ಅಪ್ಪಯ್ಯನ ಜೀಕಿಗೆ ಹೊಂದುವಂತೆ ಮಾಡಿದ. ಹೊರಡುವಾಗ ಒಂದೇ ಮಾತು ಹೇಳಿದ.

"ಸ್ವಿಚ್ ಮಾತ್ರ ಆಫ್ ಮಾಡಬೇಡಿ. ಈ ಡಬ್ಬಿಗಳಿಗೆ ನೆನಪಿನ ಶಕ್ತಿ ಕಮ್ಮಿ. ಕರೆಂಟು ತಪ್ಪಿದರೆ ನಾನು ಮಾಡಿದ್ದೆಲ್ಲ ಮರೆತುಬಿಡ್ತವೆ."

"ಇನ್ವರ್ಟರ್ ಇದ್ದು, ಹೆದರಡ," ಎಂದರು ಅಪ್ಪಯ್ಯ.

ಆ ರಾತ್ರಿಯೂ... ಟಕ್.

ಬೆಳಿಗ್ಗೆ ಅಪ್ಪಯ್ಯ ಕಾಫಿ ಲೋಟ ಹಿಡಿದು ಮುಖ ಗಂಟಿಕ್ಕಿದರು. "ನಿನ್ನೆ ಭಾಗವತ್ರು ಯನ್ನ ಎದುರಿಗೇ ಇದ್ದಿದ್ದ. ಇವತ್ತು ಬಚ್ಚಲಲ್ಲಿ ಕೂತ್ಕಂಡು ಹಾಡ್ದಂಗೆ ಕೇಳ್ತು. ಈ ಸೆಟ್ ಬ್ಯಾಡ."

ಚಿರಂತನ ಎರಡನೆಯ ಸೆಟ್ ತಂದ. ಅದಕ್ಕೂ ಅದೇ ಗತಿ. ರಾತ್ರಿ ಟಕ್, ಬೆಳಿಗ್ಗೆ ಭಾಗವತರು ಬಚ್ಚಲಿಗೆ. ಮೂರನೆಯದು ತಂದ. ಹಗಲಲ್ಲಿ ಅವನು ಎಷ್ಟು ಹೊತ್ತು ಕಿವಿಗೊಟ್ಟು ಕೂತರೂ ಒಂದು ಸೂಜಿ ಬಿದ್ದ ಶಬ್ದವೂ ಇಲ್ಲ.

"ಎಂಥ ಶಬ್ದ ಅಂದಿರಿ?"

"ಟಕ್."

"ಇನ್ನೊಮ್ಮೆ ಹೇಳಿ?"

"ಟಕ್."

ಅವನು ಇನ್ನೊಮ್ಮೆ, ಮತ್ತೊಮ್ಮೆ ಹೇಳಿಸಿದ. ಕನ್ನಡ ಎಂ.ಎ. ಮಾಡಿದವಳು ತನ್ನ ಜಗುಲಿಯಲ್ಲಿ ನಿಂತು ಟಕ್ ಟಕ್ ಅನ್ನುತ್ತಿದ್ದೇನಲ್ಲ ಎಂದು ನಾಚಿಕೆಯಾಯಿತು. ಅವನ ಕಣ್ಣಲ್ಲಿ ಏನೋ ಮಿಂಚುತ್ತಿತ್ತು. ಅದೇನೆಂದು ಅವಳಿಗೆ ತಿಳಿಯಲಿಲ್ಲ.

ತಿಳಿದದ್ದು ಮುಂದಿನ ಸಲ ಫೋನ್ ಮಾಡಿದಾಗ.

"ಮತ್ತೆ ಟಕ್ ಅಂತಾ ತಂಗೀ?" ಸೀತಾರಾಮಣ್ಣನ ದನಿಯಲ್ಲೇ ನಗೆಯಿತ್ತು. "ನೀ ಫೋನ್ ಮಾಡ್ತೀಯ ಅಂತ ನಮ್ಮ ಹುಡುಗ ಬೆಳಿಗ್ಗೆಯಿಂದ ತಲೆ ಬಾಚಿಕೊಂಡೇ ಕೂತಿದ್ದಾನೆ. ನಾವೂ ಒಂದು ಕಾಲದಲ್ಲಿ ಹೀಗೇ ಇದ್ದವರಪ್ಪ. ಶಬ್ದ ಬರಲಿ ಬಿಡು, ನಿಧಾನಕ್ಕೆ ಹೋಗಲಿ."

ಗಗನಾ ರಿಸೀವರ್ ಇಟ್ಟು ಅಲ್ಲೇ ಕೂತುಬಿಟ್ಟಳು.

ಅಂದರೆ... ಇಲ್ಲದ ಶಬ್ದ ಹುಟ್ಟಿಸಿ ಅವನನ್ನು ಕರೆಸಿಕೊಳ್ಳುತ್ತಿದ್ದೇನೆ ಅಂತ ಇಡೀ ಅಂಗಡಿ ಮಾತಾಡಿಕೊಂಡಿದೆ. ಅವನೂ ಹಾಗೇ ತಿಳಿದಿದ್ದಾನೆ. ಒಂದು ಪದ ಹೇಳುವ ಮೊದಲು ಹತ್ತು ಸಲ ತೂಗುವ ತಾನು, ಎಲ್ಲರ ಕಣ್ಣಲ್ಲಿ ನೆಪ ಹೂಡುವ ಹುಡುಗಿ!

ಸಿಟ್ಟು ಬಂತು. ಸಿಟ್ಟಿನ ಅಡಿಯಲ್ಲಿ ಇನ್ನೊಂದು ಹೆದರಿಕೆಯೂ ಇತ್ತು. ಶಬ್ದ ನಿಜ ಅಂತ ಗೊತ್ತಾಗಿ, ಅದು ಸರಿಹೋಗಿ, ಅಪ್ಪಯ್ಯ ಒಂದು ಸೆಟ್ ಒಪ್ಪಿಬಿಟ್ಟರೆ... ಆಮೇಲೆ ಚಿರಂತನ ಈ ಜಗುಲಿಗೆ ಬರುವುದು ಯಾತಕ್ಕೆ?

ಮರ್ಯಾದೆ ಉಳಿದರೆ ಅವನಿಲ್ಲ. ಅವನು ಬೇಕೆಂದರೆ ಮರ್ಯಾದೆಯಿಲ್ಲ.

ರಾತ್ರಿಯಿಡೀ ತೂಗಿ ಅವಳು ಮರ್ಯಾದೆಯನ್ನೇ ಆರಿಸಿದಳು.

"ನೀವು ಹಗಲು ಬಂದರೆ ಪ್ರಯೋಜನವಿಲ್ಲ," ಎಂದಳು ಅವನು ಬಂದೊಡನೆ, ಮುಖ ನೋಡದೆ. "ಇವತ್ತು ಉಳಿದು ಕೇಳಿ. ಅಪ್ಪಯ್ಯನೂ ಒಪ್ಪಿದ್ದಾರೆ. ಕೇಳಿಸದಿದ್ದರೆ ನಾಳೆಯೇ ಸೆಟ್ ವಾಪಸ್ ತೆಗೆದುಕೊಂಡು ಹೋಗಿ."

ಅಪ್ಪಯ್ಯ ಧಾರಾಳವಾಗಿ ಒಪ್ಪಿದ್ದರು. "ಉಳ್ಕ ಮಾಣಿ. ಊಟಕ್ಕೆ ಅಪ್ಪೆಹುಳಿ ಇದ್ದು."

ಊಟವಾಯಿತು. ಅಪ್ಪಯ್ಯ ಉಯ್ಯಾಲೆಯಲ್ಲೇ ಅಡ್ಡಾಗಿ ಗೊರಕೆ ಹೊಡೆಯತೊಡಗಿದರು. ದೀಪ ಆರಿಸಿ, ಜಗುಲಿಯ ಹೊರಗಿನ ಮೆಟ್ಟಿಲ ಮೇಲೆ ಒಂದು ತುದಿಗೆ ಅವಳು, ಇನ್ನೊಂದು ತುದಿಗೆ ಅವನು ಕೂತರು. ನಡುವೆ ಇನ್ನಿಬ್ಬರು ಕೂರುವಷ್ಟು ಜಾಗ. ದಳಿಯ ಸಂದಿಯಿಂದ ಒಳಗಿನ ಕೆಂಪು ದೀಪ ಕಾಣುತ್ತಿತ್ತು.

"ನಾನು ಸುಳ್ಳು ಹೇಳ್ತಿದ್ದೀನಿ ಅಂತ ತಾನೇ ನಿಮ್ಮ ಎಣಿಕೆ?" ಪಿಸುದನಿಯಲ್ಲೇ ಕೇಳಿದಳು.

ಅವನು ದಳಿಯ ಕಡೆ ತಿರುಗಿದ.

"ಹೇಳಿ."

"ಎಣಿಕೆ ಅಲ್ಲ... ಆಸೆ," ಎಂದ ಅವನು. "ಶಿರಸಿಯಿಂದ ಪ್ರತಿ ಸಲ ಹೊರಡುವಾಗಲೂ ಈ ಶಬ್ದ ಸುಳ್ಳಾಗಿರಲಿ ಅಂತ ಮಾರಿಕಾಂಬೆಗೆ ಕೈ ಮುಗಿದೇ ಬಸ್ ಹತ್ತಿದ್ದೆ."

ಅಷ್ಟರಲ್ಲಿ ಒಳಗೆ ಏನೋ ಅಲುಗಿತು.

ನಡುಮನೆಯ ಬಾಗಿಲಿಂದ ಬಿಳಿ ಸೀರೆಯೊಂದು ಮೆಲ್ಲನೆ ಹೊರಬಂತು. ಸೀತಮ್ಮಜ್ಜಿ. ಮಗ ಮಲಗಿದ ಉಯ್ಯಾಲೆಯನ್ನು ಬಳಸಿಕೊಂಡು, ಗೋಡೆ ಸವರುತ್ತ ಸ್ವಿಚ್ ಬೋರ್ಡಿನ ಹತ್ತಿರ ಹೋದರು. ಕೆಂಪು ದೀಪ ಆರಿತು.

ಟಕ್.

"ಮಲಗು ಇನ್ನು," ಎಂದರು ಅಜ್ಜಿ, ಡಬ್ಬಿಗೆ. "ದೇವರ ದೀಪ ಬಿಟ್ರೆ ಮಲಗಿದ ಮನೆಲ್ಲಿ ಬೇರೆ ಯಾವ್ದೂ ಕಣ್ಣು ಬಿಟ್ಕಂಡಿಪ್ಪಲಾಗ. ಬೆಳಗಿನ ಜಾವ ಎಬ್ಬಿಸ್ತೆ."

ಬಂದ ಹಾಗೇ ಒಳಗೆ ಹೋದರು.

ಮೆಟ್ಟಿಲ ಮೇಲಿನ ಇಬ್ಬರೂ ಉಸಿರು ಬಿಡಲಿಲ್ಲ. ಮೂರು ಸೆಟ್ಟುಗಳು ದಿನಾ ರಾತ್ರಿ ನೆನಪು ಕಳೆದುಕೊಂಡದ್ದು, ಭಾಗವತರು ಬಚ್ಚಲು ಸೇರಿದ್ದು, ಎಲ್ಲ ಒಂದೇ ಏಟಿಗೆ ತಿಳಿಯಿತು. ಗಗನಾ ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕಳು. ಭುಜ ಕುಲುಕಿ ಕುಲುಕಿ ಕಣ್ಣಲ್ಲಿ ನೀರು ಬಂತು.

"ಕೇಳ್ತಾ? ಕೇಳ್ತಲ್ಲ? ನಾ ಸುಳ್ಳು ಹೇಳಿರಲಿಲ್ಲ."

"ಕೇಳ್ತು," ಎಂದ ಚಿರಂತನ.

ಅವನು ನಗುತ್ತಿರಲಿಲ್ಲ. ಕತ್ತಲೆಯಲ್ಲೂ ಅವನ ಮುಖ ಇಳಿದದ್ದು ಕಾಣುತ್ತಿತ್ತು. ಚೀಲದಿಂದ ಕಪ್ಪು ಟೇಪಿನ ಸುರುಳಿ ತೆಗೆದ.

"ಇಷ್ಟೇ ಇಷ್ಟು ಹರಿದು ಆ ದೀಪಕ್ಕೆ ಅಂಟಿಸಿದರೆ ಮುಗೀತು. ಅಜ್ಜಿಗೂ ನಿದ್ದೆ, ಹೆಗಡೇರಿಗೂ ನೆಮ್ಮದಿ." ಟೇಪಿನ ಮೇಲೇ ಕಣ್ಣಿಟ್ಟು ಕೇಳಿದ, "ಹಾಗಾದರೆ ನೀವು ನನ್ನ ಕರೆದದ್ದು... ಬರೀ ಶಬ್ದಕ್ಕೇ."

ಗೆದ್ದಿದ್ದಳು ಅವಳು. ಗೆದ್ದ ಮಾತು ಹೀಗೆ ಎದೆಗೆ ಚುಚ್ಚುತ್ತದೆಂದು ಗೊತ್ತಿರಲಿಲ್ಲ. ಅವನು ಟೇಪಿನ ಅಂಚನ್ನು ಉಗುರಿನಲ್ಲಿ ಎಬ್ಬಿಸುತ್ತಿದ್ದ. ಇನ್ನು ಸ್ವಲ್ಪ ಹೊತ್ತಿಗೆ ಹರಿಯುತ್ತಾನೆ. ಅಂಟಿಸುತ್ತಾನೆ. ನಾಳೆ ಮೊದಲ ಬಸ್ಸಿಗೆ ಹೋಗುತ್ತಾನೆ...

ಹೇಳಬೇಕಾದ ವಾಕ್ಯವನ್ನು ಮನಸ್ಸಿನಲ್ಲೇ ಬರೆದಳು, ತಿದ್ದಿದಳು, ಹೊಡೆದುಹಾಕಿದಳು. ಕೊನೆಗೆ ತಿದ್ದದೇ ಇದ್ದದ್ದೇ ಬಾಯಿಗೆ ಬಂತು, ಅದೂ ಮನೆಮಾತಿನಲ್ಲಿ.

"ಮೊದಲ್ನೇ ಸಲ ಶಬ್ದಕ್ಕೇಯಾ."

ಅವನ ಕೈ ನಿಂತಿತು. "ಎರಡನೇ ಸಲ?"

"ಅದೂ ಶಬ್ದಕ್ಕೇಯಾ."

"ಆಮೇಲೆ?"

"ಆಮೇಲೆ..." ಅವಳು ಮೆಟ್ಟಿಲಿನ ಕಲ್ಲನ್ನು ಬೆರಳಿನಿಂದ ಗೀರಿದಳು. "ಶಬ್ದ ಬಪ್ಪ ತನಕ ಯಂಗೆ ನಿದ್ದೆ ಬತ್ತಾ ಇತ್ತಿಲ್ಲೆ. ಬಂದ ಕೂಡ್ಲೇ ಸಮಾಧಾನ ಆಗ್ತಿತ್ತು. ಬೆಳಿಗ್ಗೆ ಫೋನ್ ಮಾಡ್ಲೆ ಕಾರಣ ಸಿಕ್ತಲ ಹೇಳಿ."

ಒಳಗೆ ಅಪ್ಪಯ್ಯನ ಗೊರಕೆ ಒಂದು ಸುತ್ತು ನಿಂತು ಮತ್ತೆ ಶುರುವಾಯಿತು. ಇಬ್ಬರೂ ಅದು ಸರಿಯಾಗಿ ಲಯ ಹಿಡಿಯುವವರೆಗೆ ಕಾದರು.

ಚಿರಂತನ ಟೇಪನ್ನು ಚೀಲಕ್ಕೆ ಹಾಕಿದ. ನಡುವಿದ್ದ ಜಾಗದಲ್ಲಿ ಅರ್ಧದಷ್ಟು ಸರಿದು ಕೂತ. ಪೂರ್ತಿ ಅಲ್ಲ, ಅರ್ಧ.

"ಬರೋ ಭಾನುವಾರ ಆನು ಸೆಟ್ ತರ್ತ್ನಿಲ್ಲೆ," ಎಂದ, ಅವನೂ ಮನೆಮಾತಿಗೇ ಇಳಿದು.

ಅವಳು ಕಲ್ಲು ಗೀರುವುದನ್ನು ಬಿಟ್ಟು ತಿರುಗಿದಳು. "ಮತ್ತೆಂತ ತರ್ತಿ?"

"ಯನ್ನ ಅಪ್ಪಯ್ಯನ್ನ, ಆಯಿನ ಕರ್ಕಂಡು ಬರ್ತೆ."

"ಅವಕ್ಕೆ ಎಂತ ಹೇಳಿ ಕರ್ಕಂಡು ಬರ್ತಿ?"

"ಒಂದು ಕಷ್ಟದ ಜಗುಲಿ ಇದ್ದು, ಯನ್ನ ಒಬ್ಬನ ಕೈಲಿ ಆಗ್ತಿಲ್ಲೆ ಹೇಳ್ತೆ." ಆಮೇಲೆ ದನಿ ತಗ್ಗಿಸಿದ. "ನಿಂಗೆ ಒಪ್ಪಿಗೆ ಇದ್ದಾ?"

ಗಗನಾ ಜೀವನದಲ್ಲಿ ಮೊದಲ ಸಲ ತೂಗದೆ ಉತ್ತರ ಕೊಟ್ಟಳು. "ಇದ್ದು."

ಬೆಳಿಗ್ಗೆ ಅವನು ಬಸ್ಸಿಗೆ ಹೋದ ಮೇಲೆ ಅಪ್ಪಯ್ಯ ತೆಳ್ಳೇವು ದೋಸೆ ತಿನ್ನುತ್ತ ಕೇಳಿದರು. "ಎಂತಾತು ತಂಗೀ? ಶಬ್ದ ಎಲ್ಲಿಂದ ಬತ್ತು ಹೇಳಿ ಗೊತ್ತಾತಾ?"

ಒಲೆಯ ಮುಂದೆ ಅಜ್ಜಿಯ ಕೈಯಲ್ಲಿದ್ದ ಸೌಟು ಗಾಳಿಯಲ್ಲೇ ನಿಂತಿತು. ಮುದುಕಿಯ ಬೆನ್ನು ಮಾತ್ರ ಕಾಣುತ್ತಿತ್ತು. ಆ ಬೆನ್ನೂ ಕಿವಿಯಾಗಿತ್ತು.

ನಿಜ ಹೇಳಿದರೆ ಅಜ್ಜಿಗೆ ಬೈಗುಳ. ಅಪ್ಪಯ್ಯ ಈ ಹೊತ್ತೇ ಸೆಟ್ ಒಪ್ಪಿಬಿಡುತ್ತಾರೆ. ಭಾನುವಾರ ಚಿರಂತನ ಬರಲು ನೆಪವೇ ಉಳಿಯುವುದಿಲ್ಲ.

"ಇಲ್ಲೆ ಅಪ್ಪಯ್ಯ. ಎಂತೂ ಗೊತ್ತಾಜಿಲ್ಲೆ."

"ಹಂಗಾರೆ ಆ ಮಾಣಿ ಇನ್ನೊಂದ್ಸಲ ಬರವು," ಎಂದರು ಅಪ್ಪಯ್ಯ. ಬೇಸರದ ಮಾತು, ದನಿಯಲ್ಲಿ ಬೇಸರವಿರಲಿಲ್ಲ.

ಅಜ್ಜಿ ಬಂದು ಗಗನಾಳ ತೆಳ್ಳೇವಿಗೆ ಕೇಳದೆಯೇ ಇನ್ನೊಂದು ಉಂಡೆ ಬೆಣ್ಣೆ ಹಾಕಿದರು. ಮೊಮ್ಮಗಳ ಮುಖವನ್ನು ಒಂದು ಕ್ಷಣ ಹುಡುಕಿ ನೋಡಿದರು. ಗಗನಾ ತಟ್ಟೆ ನೋಡಿಕೊಂಡು ತಿಂದಳು.

ರಾತ್ರಿ ಮೆಟ್ಟಿಲ ಮೇಲೆ ಏನಾಯಿತೆಂದು ಅವಳು ಯಾರಿಗೂ ಹೇಳುವುದಿಲ್ಲ. ಅಪ್ಪಯ್ಯನಿಗಿಲ್ಲ, ಕಾಲೇಜಿನ ಗೆಳತಿಯರಿಗಿಲ್ಲ. ಅಜ್ಜಿಗೂ ಇಲ್ಲ.